ರೋಮಿನಲ್ಲಿ ಎರಡು ಗಂಟೆ ಗ್ಲಾಡಿಯೇಟರ್ ಆದೆವು: ಕತ್ತಿ ಕೊಟ್ಟರು, ಕಳಂಕ ಕೊಡಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಕರೆದುಕೊಂಡು ರೋಮಿಗೆ ಹೋಗುವವರು ಈ ಗ್ಲಾಡಿಯೇಟರ್ (ಹಳೆಯ ರೋಮಿನಲ್ಲಿ ಜನರ ಮನರಂಜನೆಗೆ ಅಖಾಡದಲ್ಲಿ ಕಾದಾಡುತ್ತಿದ್ದ ಆಳು) ಕ್ಲಾಸಿಗೆ ಕಣ್ಣುಮುಚ್ಚಿ ಸೇರಬಹುದು. ದೊಡ್ಡವರು ಮಾತ್ರ ಹೋಗುವುದಾದರೆ ಸ್ವಲ್ಪ ಯೋಚಿಸಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಯಾಕೆ ಕಡಿಮೆ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಡೆಸುವವರ ಹೆಸರು ಹಾಕುವುದಿಲ್ಲ. ಇಂಥ ಕ್ಲಾಸು ನಡೆಸುವವರು ಅಲ್ಲಿ ಹಲವರಿದ್ದಾರೆ, ನಮ್ಮದು ಊರಿನ ದಕ್ಷಿಣಕ್ಕೆ ಅಪ್ಪಿಯಾ ರಸ್ತೆಯ ಕಡೆ ಇತ್ತು. ನಾನು ಮ್ಯೂನಿಕ್‌ನಲ್ಲಿರುವುದು. ಮೈಸೂರಿನಿಂದ ಅಕ್ಕ, ಭಾವ, ಅವರ ಹನ್ನೊಂದು ವರ್ಷದ ಮಗ ಬಂದಿದ್ದರು. ಹುಡುಗನಿಗೆ ಚರ್ಚು, ಮ್ಯೂಸಿಯಂ ಎಲ್ಲ ಎರಡೇ ದಿನಕ್ಕೆ ಸಾಕಾಗಿತ್ತು. ಇದೊಂದು ಇದೆ ಎಂದಾಗ ಮಾತ್ರ ಕಣ್ಣರಳಿತು.

ತಲೆಗೆ 60 ಯೂರೋ, ಮಕ್ಕಳಿಗೂ ರಿಯಾಯಿತಿ ಇಲ್ಲ. ಭಾವ "ನಾನು ಸುಮ್ನೆ ಕೂತು ನೋಡ್ತೀನಿ" ಎಂದರು, ಕೂತು ನೋಡುವುದಕ್ಕೂ 20 ಯೂರೋ! ಅಸಲಿ ರೋಮಿನಲ್ಲಿ ಆಟ ನೋಡುವ ಜನ ಸಾಮಾನ್ಯವಾಗಿ ದುಡ್ಡು ಕೊಡಬೇಕಿರಲಿಲ್ಲ, ಖರ್ಚೆಲ್ಲ ಆಟ ಆಡಿಸುವ ಅಧಿಕಾರಿಯದೋ ಚಕ್ರವರ್ತಿಯದೋ ಆಗಿರುತ್ತಿತ್ತು. ಈ ಒಂದು ವಿಷಯದಲ್ಲಿ ಇವರು ಇತಿಹಾಸ ಪಾಲಿಸಿದ್ದರೆ ಭಾವನಿಗೆ ಖುಷಿಯಾಗುತ್ತಿತ್ತು.

ಒಳಗೆ ಹೋದರೆ ಮರಳು ಹಾಸಿದ ಸಣ್ಣ ಅಖಾಡ, ಪಕ್ಕದಲ್ಲಿ ಒಂದು ಕೋಣೆ ತುಂಬ ಶಿರಸ್ತ್ರಾಣ, ಗುರಾಣಿ, ಬಲೆ, ತ್ರಿಶೂಲ. ಎಲ್ಲ ಈಗ ಮಾಡಿದ ನಕಲು, ಆದರೆ ಕೈಗೆ ಕೊಡುತ್ತಾರೆ, ಅದು ದೊಡ್ಡದು. ಟೀ ಶರ್ಟಿನ ಮೇಲೆ ತೊಡಲು ಒಂದು ಒರಟು ಬಟ್ಟೆಯ ಅಂಗಿ. ನನ್ನ ಅಂಗಿಯಲ್ಲಿ ಹಿಂದಿನ ಬ್ಯಾಚಿನವರ ಬೆವರಿನ ವಾಸನೆ ಇನ್ನೂ ಇತ್ತು.

ಕಲಿಸುವವರು ಆರಡಿ ಮೀರಿದ ಆಳು. ಆಯುಧಗಳ ಬಗ್ಗೆ ಅವರಿಗೆ ಗೊತ್ತಿಲ್ಲದ್ದಿಲ್ಲ. ಸೆಕುಟರ್ ಎಂಬ ವರ್ಗದವನ ಶಿರಸ್ತ್ರಾಣ ಯಾಕೆ ಬೋಳಾಗಿ ನುಣುಪಾಗಿದೆ, ಕಣ್ಣಿಗೆ ಯಾಕೆ ಎರಡೇ ಸಣ್ಣ ತೂತು ಎಂದು ತೋರಿಸಿಕೊಟ್ಟರು. ಅವನ ಎದುರಾಳಿ ರೆಟಿಯಾರಿಯಸ್ ಬಲೆ ಬೀಸುವವನು. ಏಣು ಮೂಲೆ ಇದ್ದರೆ ಬಲೆ ಸಿಕ್ಕಿಕೊಳ್ಳುತ್ತದೆ, ತೂತು ದೊಡ್ಡದಿದ್ದರೆ ತ್ರಿಶೂಲದ ಮೊನೆ ಒಳಗೆ ಹೋಗುತ್ತದೆ. ಅದನ್ನು ತಲೆಗೆ ಹಾಕಿಕೊಂಡು ಒಂದು ನಿಮಿಷ ನಿಂತೆ. ಉಸಿರು ಕಟ್ಟಿತು, ಪಕ್ಕದಲ್ಲಿ ಅಕ್ಕ ನಗುತ್ತಿದ್ದುದು ಕೇಳಿಸಿತು, ಕಾಣಿಸಲಿಲ್ಲ.

ಸಿನಿಮಾದವರು ತಲೆಗೆ ತುಂಬಿದ ಕೆಲವು ಕಸವನ್ನೂ ಗುಡಿಸಿದರು. ಹೆಬ್ಬೆರಳು ಕೆಳಗೆ ಮಾಡಿದರೆ ಸಾವು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಹೆಬ್ಬೆರಳು ತಿರುಗಿಸುತ್ತಿದ್ದರು ಎಂಬುದಷ್ಟೇ ಸಿಗುತ್ತದೆ. ಎಲ್ಲ ಕಾಳಗವೂ ಸಾವಿನಲ್ಲಿ ಮುಗಿಯುತ್ತಿರಲಿಲ್ಲ, ತಯಾರಾದ ಆಳು ದುಬಾರಿ ಮಾಲು. ಹೆಂಗಸರೂ ಇದ್ದರಾ ಎಂದು ಅಕ್ಕ ಕೇಳಿದಳು. ಇದ್ದರು. ಈಗಿನ ಟರ್ಕಿಯಲ್ಲಿರುವ ಹಾಲಿಕಾರ್ನಾಸಸ್‌ನಲ್ಲಿ ಸಿಕ್ಕ ಒಂದು ಕಲ್ಲಿನಲ್ಲಿ ಅಮೆಜಾನ್, ಅಕಿಲ್ಲಿಯಾ ಎಂಬ ಇಬ್ಬರು ಹೆಂಗಸರು ಎದುರುಬದುರು ನಿಂತು ಹೋರಾಡುತ್ತಿದ್ದಾರೆ, ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇದನ್ನೆಲ್ಲ ಮೇಷ್ಟ್ರು ಚೆನ್ನಾಗಿ ಹೇಳಿದರು. ಇಲ್ಲಿಯವರೆಗೆ ಐದಕ್ಕೆ ಐದು.

ಎಡವಟ್ಟು ಶುರುವಾದದ್ದು ಪ್ರಮಾಣವಚನದಲ್ಲಿ.

ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ, ಧೈರ್ಯ, ಗೌರವ, ರೋಮ್ ಎಂದು ಕೂಗಿಸಿದರು. ಹುಡುಗ ಗಂಟಲು ಹರಿಯುವಂತೆ ಕೂಗಿದ. ಗ್ಲಾಡಿಯೇಟರುಗಳು ಪ್ರಮಾಣ ಮಾಡುತ್ತಿದ್ದದ್ದು ನಿಜ. ಆದರೆ ಅದರಲ್ಲಿ ಗೌರವದ ಮಾತೇ ಇಲ್ಲ. ನನ್ನನ್ನು ಸುಡಬಹುದು, ಕಟ್ಟಿಹಾಕಬಹುದು, ಹೊಡೆಯಬಹುದು, ಕಬ್ಬಿಣದಿಂದ ಕೊಲ್ಲಬಹುದು, ಇದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಇಷ್ಟೇ ಅದರ ಸಾರ. ಗುಲಾಮನಿಗೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲವಲ್ಲ. ಹಾಗಾಗಿ ಈ ಮಾತು ಹೇಳಿ ಸೇರುತ್ತಿದ್ದವರು ಸ್ವತಂತ್ರ ಪ್ರಜೆಗಳು. ಸಾಲಕ್ಕೋ ಹುಚ್ಚಿಗೋ ತಾನಾಗಿ ಬಂದು, ತನ್ನ ಮೈಯನ್ನು ಗುಲಾಮನ ಮೈಯಂತೆ ಬರೆದುಕೊಡುತ್ತಿದ್ದವರು. ಆಕ್ಟೊರಾಟಸ್ ಎಂದು ಅವರನ್ನು ಕರೆಯುತ್ತಿದ್ದರು.

ಆಮೇಲೆ ಎಲ್ಲರ ಕೈಗೆ ಒಂದೊಂದು ಮರದ ಕತ್ತಿ ಕೊಟ್ಟರು. ಅಭ್ಯಾಸಕ್ಕೆ ಮರದ ಕತ್ತಿಯೇ ಸರಿ, ಅದರಲ್ಲಿ ತಪ್ಪಿಲ್ಲ. ಆದರೆ ರೂಡಿಸ್ ಎಂಬ ಆ ಮರದ ಕತ್ತಿಗೆ ಇನ್ನೊಂದು ಅರ್ಥವೂ ಇತ್ತು, ಆಟ ಮುಗಿಸಿ ಬಿಡುಗಡೆಯಾಗುವವನ ಕೈಗೆ ಅದನ್ನೇ ಕೊಟ್ಟು ಕಳಿಸುತ್ತಿದ್ದರು. ಬಹಳ ಜನರ ಕೈಗೆ ಅದು ಬರಲೇ ಇಲ್ಲ. ಸಿಸಿಲಿಯಲ್ಲಿ ಫ್ಲಾಮ್ಮ ಎಂಬ ಸಿರಿಯಾ ಮೂಲದ ಗ್ಲಾಡಿಯೇಟರಿನ ಸಮಾಧಿ ಬರಹವಿದೆ. 30 ವರ್ಷ ಬದುಕಿದ, 34 ಬಾರಿ ಹೋರಾಡಿದ, 21 ಗೆದ್ದ, 9 ಸಮ, 4 ಬಾರಿ ಸೋತರೂ ಅವನನ್ನು ಜೀವಸಹಿತ ಬಿಟ್ಟರು. ಕ್ರಿಕೆಟ್ ಸ್ಕೋರ್ ಕಾರ್ಡಿನಂತಿದೆ. ನಮಗೆ ಬಂದ ಹತ್ತು ನಿಮಿಷಕ್ಕೇ ಕತ್ತಿ ಸಿಕ್ಕಿತು.

ಹುಡುಗ ಮಧ್ಯೆ ಕೈ ಎತ್ತಿ ಕೇಳಿದ: ಇವರಿಗೆ ಸಂಬಳ ಎಷ್ಟು ಕೊಡುತ್ತಿದ್ದರು? ಮೇಷ್ಟ್ರು ಎರಡೂ ಕೈ ಅಗಲ ಮಾಡಿ, ಅಯ್ಯೋ, ಬಹಳ! ಅವರೆಲ್ಲ ಆಗಿನ ಸೂಪರ್‌ಸ್ಟಾರುಗಳು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೂರೂವರೆ ಕೊಟ್ಟದ್ದು ಈ ಉತ್ತರಕ್ಕೆ.

ಗಾಯಸ್ ಎಂದು 2ನೇ ಶತಮಾನದ ಒಬ್ಬ ಕಾನೂನು ಪಂಡಿತ ಇದ್ದ. ಕಾನೂನು ಕಲಿಯುವವರಿಗೆ ಬಾಡಿಗೆ ಯಾವುದು, ಮಾರಾಟ ಯಾವುದು ಎಂದು ಬಿಡಿಸಿ ಹೇಳುತ್ತ ಅವನು ಒಂದು ಉದಾಹರಣೆ ಕೊಡುತ್ತಾನೆ. ನಿಮಗೆ ಗ್ಲಾಡಿಯೇಟರುಗಳನ್ನು ಒದಗಿಸುತ್ತೇನೆ, ಗಾಯವಿಲ್ಲದೆ ಹೊರಗೆ ಬಂದ ಪ್ರತಿಯೊಬ್ಬನಿಗೆ ಅವನ ಬೆವರಿನ ಲೆಕ್ಕಕ್ಕೆ 20 ದಿನಾರಿ (ರೋಮಿನ ಬೆಳ್ಳಿ ನಾಣ್ಯ) ಕೊಡಿ, ಸತ್ತವನಿಗೆ ಅಥವಾ ಕೈಕಾಲು ಹೋದವನಿಗೆ 1000 ದಿನಾರಿ ಕೊಡಿ. ಹಾಗಾದರೆ ಇದು ಬಾಡಿಗೆಯೋ ಮಾರಾಟವೋ? ಗಾಯಸ್ ಹೇಳುವಂತೆ ಹೆಚ್ಚಿನವರ ಅಭಿಪ್ರಾಯ ಇದು: ಚೆನ್ನಾಗಿ ವಾಪಸು ಬಂದವನು ಬಾಡಿಗೆ, ಸತ್ತವನು ಮಾರಾಟ. ಯಾವುದು ಎನ್ನುವುದು ಆಟ ಮುಗಿದ ಮೇಲೆ ಗೊತ್ತಾಗುತ್ತದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಮದುವೆ ಮನೆಗೆ ಶಾಮಿಯಾನದವರಿಂದ ತರುವ ಪಾತ್ರೆ. ಎಣಿಸಿ ಕೊಡುತ್ತಾರೆ, ಎಣಿಸಿ ತಗೊಳ್ಳುತ್ತಾರೆ. ವಾಪಸು ಬಂದ ಕೊಳಗಕ್ಕೆ ಬಾಡಿಗೆ, ಕಳೆದುಹೋದ ಸೌಟಿಗೆ ಪೂರ್ತಿ ಬೆಲೆ. ಅಷ್ಟೇ ಲೆಕ್ಕ. ಆ 20 ಆಗಲಿ 1000 ಆಗಲಿ ಹೋಗುತ್ತಿದ್ದದ್ದು ಆಳುಗಳ ಮಾಲೀಕನಿಗೆ, ಅವನನ್ನು ಲನಿಸ್ಟಾ ಎನ್ನುತ್ತಿದ್ದರು. ನಮ್ಮ ಮೇಷ್ಟ್ರ ಎದೆಯ ಮೇಲಿನ ಬಿಲ್ಲೆಯಲ್ಲೂ ಲನಿಸ್ಟಾ ಎಂದೇ ಬರೆದಿತ್ತು, ಅವರು ಹೆಮ್ಮೆಯಿಂದ ಹಾಕಿಕೊಂಡಿದ್ದರು. ರೋಮಿನ ಕಾನೂನು ಲನಿಸ್ಟಾ, ಗ್ಲಾಡಿಯೇಟರ್, ನಟ, ತಲೆಹಿಡುಕ ಇವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿತ್ತು. ದಕ್ಷಿಣ ಇಟಲಿಯ ಹೆರಾಕ್ಲಿಯಾದಲ್ಲಿ ಸಿಕ್ಕ ಕ್ರಿಸ್ತಪೂರ್ವ 1ನೇ ಶತಮಾನದ ಕಂಚಿನ ಹಲಗೆಯಲ್ಲಿ ಊರಿನ ಆಡಳಿತ ಸಭೆಗೆ ಯಾರು ಬರಕೂಡದು ಎಂಬ ಪಟ್ಟಿ ಇದೆ, ಅದರಲ್ಲಿ ಈ ನಾಲ್ಕೂ ಕಸುಬಿನವರು ಇದ್ದಾರೆ. ಹೀಗೆ ಕಾನೂನಿನ ಕಣ್ಣಿನಲ್ಲಿ ಮಾನ ಕಳೆದುಕೊಂಡ ಸ್ಥಿತಿಗೆ ಇನ್ಫಾಮಿಯಾ ಎಂದು ಹೆಸರು. ಅಂಥವನು ಕೋರ್ಟಿನಲ್ಲಿ ಇನ್ನೊಬ್ಬರ ಪರ ನಿಲ್ಲುವುದಕ್ಕೂ ಅಡ್ಡಿ ಇತ್ತು.

ಸತ್ತ ಮೇಲೂ ಬಿಡಲಿಲ್ಲ. ಸಾರ್ಸಿನಾ ಎಂಬ ಊರಿನಲ್ಲಿ ಒಬ್ಬ ಸಾಹುಕಾರ ಊರವರಿಗೆ ಸ್ಮಶಾನಕ್ಕೆ ಜಾಗ ದಾನ ಮಾಡಿದ ಶಾಸನ ಇದೆ. ಅದರಲ್ಲೇ ಷರತ್ತೂ ಇದೆ, ಗ್ಲಾಡಿಯೇಟರಾಗಿ ಮೈ ಬರೆದುಕೊಟ್ಟವರಿಗೆ, ನೇಣು ಹಾಕಿಕೊಂಡವರಿಗೆ, ಹೊಲಸು ಕಸುಬು ಮಾಡಿದವರಿಗೆ ಇಲ್ಲಿ ಜಾಗವಿಲ್ಲ.

ಸೂಪರ್‌ಸ್ಟಾರ್ ಎನ್ನುವುದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಇದು ಇಷ್ಟು ಕಾಡುವುದು. ಪೊಂಪೆಯಿಯ ಗೋಡೆಬರಹದಲ್ಲಿ ಸೆಲಾಡಸ್ ಎಂಬ ಗ್ಲಾಡಿಯೇಟರನ್ನು ಹುಡುಗಿಯರ ನಿಟ್ಟುಸಿರು ಎಂದು ಕರೆದಿದ್ದಾರೆ. ರಥ ಓಡಿಸುವವರ ಕಡೆ ಹೋದರೆ ದುಡ್ಡಂತೂ ಹೊಳೆ. ಈಗಿನ ಪೋರ್ಚುಗಲ್ ಕಡೆಯಿಂದ ಬಂದ ಡಿಯೋಕ್ಲಿಸ್ 24 ವರ್ಷ ಓಡಿಸಿ, 4257 ಓಟದಲ್ಲಿ 1462 ಗೆದ್ದ, ಅವನ ಶಾಸನ ಲೆಕ್ಕ ಹಾಕಿರುವ ಬಹುಮಾನ 3,58,63,120 ಸೆಸ್ಟರ್ಸ್ (ಇದೂ ರೋಮಿನ ನಾಣ್ಯವೇ). ಆ ಕಾಲದ ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ 1200. ನೀವೇ ಭಾಗಿಸಿ ನೋಡಿ, ಸುಮಾರು 30 ಸಾವಿರ ಸಿಪಾಯಿಗಳ ಒಂದು ವರ್ಷದ ಸಂಬಳ. ಕಾನೂನು ರಥದವರ ಬಗ್ಗೆ ಸ್ವಲ್ಪ ಮೆತ್ತಗೂ ಇತ್ತು. ಆದರೂ ಒಳ್ಳೆಯ ಮನೆತನದವರು ತಮ್ಮ ಮಗ ರಥ ಓಡಿಸಲಿ ಎಂದು ಬಯಸುತ್ತಿರಲಿಲ್ಲ. ಓಡಿಸುತ್ತಿದ್ದವರಲ್ಲಿ ಹೆಚ್ಚಿನವರು ಗುಲಾಮರು, ಇಲ್ಲ ಬಿಡುಗಡೆಯಾದ ಗುಲಾಮರು.

ಎಲ್ಲಕ್ಕಿಂತ ಕೆಟ್ಟ ಪಾಡು ನಟರದ್ದು. ಕ್ಲಾಸಿನಲ್ಲಿ ನಟರ ಸುದ್ದಿಯೇ ಬರಲಿಲ್ಲ, ಬರಬೇಕೆಂದೂ ಇಲ್ಲ, ಕತ್ತಿ ಇಲ್ಲವಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅಕ್ಕನಿಗೆ ಹೇಳಿದ್ದು ಅದನ್ನೇ. ದುಡ್ಡಿಗಾಗಿ ಒಂದು ಸಲ ರಂಗ ಹತ್ತಿದರೆ ಇನ್ಫಾಮಿಯಾ. ಕ್ರಿ.ಪೂ. 18ರಲ್ಲಿ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ತಂದ ಮದುವೆ ಕಾನೂನಿನಲ್ಲಿ ಸೆನೆಟರ್ ಮನೆತನದವರು ನಟಿಯನ್ನಾಗಲಿ ನಟನ ಮಗಳನ್ನಾಗಲಿ ಮದುವೆಯಾಗುವಂತಿಲ್ಲ. ಹೆಂಡತಿಯ ಜೊತೆ ತನ್ನ ಮನೆಯಲ್ಲೇ ಸಿಕ್ಕಿಬಿದ್ದವನನ್ನು ಗಂಡ ಎಲ್ಲ ಸಂದರ್ಭದಲ್ಲೂ ಕೊಲ್ಲುವಂತಿರಲಿಲ್ಲ, ಸಿಕ್ಕವನು ನಟನೋ ಕುಣಿಯುವವನೋ ಆಗಿದ್ದರೆ ಕೊಲ್ಲಬಹುದಿತ್ತು. ಹಳೆಯ ಕಾನೂನಿನ ಪ್ರಕಾರ ಅಧಿಕಾರಿಗಳು ನಟನನ್ನು ಎಲ್ಲಿ ಬೇಕಾದರೂ ಯಾವಾಗ ಬೇಕಾದರೂ ಹೊಡೆಸಬಹುದಿತ್ತು. ಆಗಸ್ಟಸ್ ದೊಡ್ಡ ಮನಸ್ಸು ಮಾಡಿ ಅದನ್ನು ಆಟದ ಹೊತ್ತಿಗೆ, ರಂಗಮಂದಿರಕ್ಕೆ ಮಾತ್ರ ಸೀಮಿತ ಮಾಡಿದ. ಅದೇ ಆಗಸ್ಟಸ್ ಸ್ಟೆಫಾನಿಯೋ ಎಂಬ ನಟನಿಗೆ ಮೂರು ರಂಗಮಂದಿರಗಳಲ್ಲಿ ಚಾಟಿ ಏಟು ಹಾಕಿಸಿ ಗಡಿಪಾರು ಮಾಡಿದ, ಹೈಲಾಸ್ ಎಂಬ ನರ್ತಕನಿಗೆ ತನ್ನ ಮನೆಯ ಹಜಾರದಲ್ಲೇ, ಜನರ ಕಣ್ಣೆದುರಿಗೇ, ಹೊಡೆಸಿದ. ಅಲ್ಲಿ ಪ್ರಜೆ ಎನಿಸಿಕೊಂಡವನ ಮಾನ ಎಂದರೆ ಅವನ ಮೈಮೇಲೆ ಯಾರೂ ಸುಮ್ಮನೆ ಕೈ ಮಾಡುವಂತಿಲ್ಲ ಎಂಬುದು. ಇನ್ನೊಬ್ಬರ ಖುಷಿಗಾಗಿ ಮೈಯನ್ನು ಬಾಡಿಗೆಗೆ ಬಿಟ್ಟವನಿಗೆ ಆ ಬೇಲಿ ಇರಲಿಲ್ಲ.

ಅಕ್ಕ ಕೇಳಿಸಿಕೊಂಡು, "ನಮ್ಮಜ್ಜಿನೂ ಹಂಗೇ ಕಣೋ, ಕಂಪನಿ ನಾಟಕ ಬಂದ್ರೆ ಮುಂದಿನ ಸಾಲು ಬಿಡ್ತಿರ್ಲಿಲ್ಲ, ಆದ್ರೆ ನಾಟಕದವರಿಗೆ ಮನೆ ಬಾಡಿಗೆಗೆ ಕೊಡೋಕೆ ಒಪ್ತಿರ್ಲಿಲ್ಲ" ಎಂದಳು. ಹೌದು. ಅಜ್ಜಿಯದು ಬಾಯಿಮಾತು, ಇವರದು ಕಂಚಿನ ಹಲಗೆ.

ನನಗೆ ಬಹಳ ಇಷ್ಟದ ಕತೆ ಲಬೇರಿಯಸ್‌ದು. ಇವನು ಈಕ್ವೆಸ್ಟ್ರಿಯನ್ ಎಂಬ ಮೇಲಿನ ದರ್ಜೆಯವನು, ಸೆನೆಟರುಗಳ ನಂತರದ ಅಂತಸ್ತು. ಮೈಮ್ ಎಂಬ ನಗೆನಾಟಕಗಳನ್ನು ಬರೆಯುತ್ತಿದ್ದ. ಬರೆಯಬಹುದು, ಅದಕ್ಕೆ ಅಡ್ಡಿಯಿಲ್ಲ, ರಂಗ ಹತ್ತಿ ಆಡಬಾರದು. ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ಇವನನ್ನು ಕರೆದು, ನಿನ್ನ ನಾಟಕದಲ್ಲಿ ನೀನೇ ಆಡು, ಐದು ಲಕ್ಷ ಸೆಸ್ಟರ್ಸ್ ಕೊಡುತ್ತೇನೆ ಎಂದ. ಸೀಸರ್ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಅರವತ್ತರ ಮುದುಕ ರಂಗಕ್ಕೆ ಬಂದು ಮೊದಲ ಮಾತಿನಲ್ಲೇ ತನ್ನ ಸಂಕಟ ಹೇಳಿಕೊಂಡ. ಅರವತ್ತು ವರ್ಷ ಕಳಂಕವಿಲ್ಲದೆ ಬಾಳಿದೆ, ಬೆಳಗ್ಗೆ ಮನೆಯಿಂದ ದೊಡ್ಡ ಮನುಷ್ಯನಾಗಿ ಹೊರಟವನು ಸಂಜೆ ಆಟದವನಾಗಿ ವಾಪಸು ಹೋಗುತ್ತೇನೆ. ಅವತ್ತಿನ ಮೈಮ್ ಸ್ಪರ್ಧೆಯಲ್ಲಿ ಗೆದ್ದವನು ಪಬ್ಲಿಲಿಯಸ್ ಸೈರಸ್ ಎಂಬ, ಹಿಂದೆ ಗುಲಾಮನಾಗಿದ್ದವನು. ಸೀಸರ್ ಲಬೇರಿಯಸ್‌ಗೆ ದುಡ್ಡು ಕೊಟ್ಟ, ಚಿನ್ನದ ಉಂಗುರವನ್ನೂ ಕೊಟ್ಟ, ಅಂದರೆ ಕಳೆದುಹೋದ ದರ್ಜೆ ವಾಪಸು ಸಿಕ್ಕಿತು. ಉಂಗುರ ಹಾಕಿಕೊಂಡು ತನ್ನ ದರ್ಜೆಯವರ ಸಾಲಿನಲ್ಲಿ ಕೂರಲು ಹೋದರೆ ಯಾರೂ ಜರುಗಲಿಲ್ಲ! ಹೆಸರಾಂತ ವಾಗ್ಮಿ, ರಾಜಕಾರಣಿ ಸಿಸೆರೋ ಕೂತಲ್ಲಿಂದಲೇ, ನಮಗೇ ಇಕ್ಕಟ್ಟಾಗದಿದ್ದರೆ ಜಾಗ ಕೊಡುತ್ತಿದ್ದೆ ಎಂದು ಕುಟುಕಿದ. ಲಬೇರಿಯಸ್ ಬಿಡಲಿಲ್ಲ. ಯಾವಾಗಲೂ ಎರಡು ಪೀಠದ ಮೇಲೆ ಕೂರುವವನು ನೀನು, ನಿನಗೆ ಇಕ್ಕಟ್ಟಾ ಎಂದ. ಎರಡು ದೋಣಿಯ ಮೇಲೆ ಕಾಲಿಡುವವನು ಎನ್ನುತ್ತೇವಲ್ಲ, ಅದೇ ಏಟು.

ಸಿಸೆರೋ ನಟರನ್ನು ಕಂಡರೆ ಆಗದವನೂ ಅಲ್ಲ. ರೋಸಿಯಸ್ ಎಂಬ ಹೆಸರಾಂತ ನಟ ಅವನ ಗೆಳೆಯ, ಅವನ ಪರ ಕೋರ್ಟಿನಲ್ಲಿ ವಾದಿಸಿದ್ದಾನೆ. ಅವನನ್ನು ಹೊಗಳಿದ ರೀತಿ ನೋಡಿ. ಇಂಥ ಕಲಾವಿದ, ರಂಗದ ಮೇಲೆ ನೋಡಲು ಇವನೊಬ್ಬನೇ ಯೋಗ್ಯ. ಇಂಥ ಮನುಷ್ಯ, ರಂಗಕ್ಕೆ ಕಾಲಿಡದಿರಲು ಇವನೊಬ್ಬನೇ ಯೋಗ್ಯ. ಇದು ಹೊಗಳಿಕೆ!

ಇನ್ನೂ ತಮಾಷೆ ಎಂದರೆ ದೊಡ್ಡ ಮನೆತನದ ಹುಡುಗರಿಗೆ ಆಡುವ ಹುಚ್ಚು. ಮೇಲಿನ ದರ್ಜೆಯವರು ರಂಗ, ಅಖಾಡ ಹತ್ತಬಾರದು ಎಂಬ ನಿಯಮ ತಪ್ಪಿಸಿಕೊಳ್ಳಲು ಕೆಲವರು ಬೇಕೆಂದೇ ಮಾನಗೇಡಿ ಎನಿಸಿಕೊಂಡು ದರ್ಜೆ ಕಳೆದುಕೊಳ್ಳುತ್ತಿದ್ದರು. ದರ್ಜೆಯೇ ಇಲ್ಲದ ಮೇಲೆ ನಿಯಮ ಎಲ್ಲಿಯದು? ಆಗಸ್ಟಸ್ ನಂತರದ ಚಕ್ರವರ್ತಿ ಟಿಬೇರಿಯಸ್ ಕಾಲದಲ್ಲಿ ಅಂಥವರನ್ನು ಗಡಿಪಾರು ಮಾಡಿದರು. ಕ್ರಿ.ಶ. 19ರ ಸೆನೆಟ್ ಆದೇಶವೊಂದು ಲಾರಿನೋ ಊರಿನಲ್ಲಿ ಕಂಚಿನ ಹಲಗೆಯಾಗಿ ಸಿಕ್ಕಿದೆ, ಸೆನೆಟರ್, ಈಕ್ವೆಸ್ಟ್ರಿಯನ್ ಮನೆಗಳ ಮಕ್ಕಳು ಮೊಮ್ಮಕ್ಕಳು ಯಾರೂ ರಂಗ, ಅಖಾಡ ಹತ್ತಕೂಡದು ಎಂದು ತೂತು ಮುಚ್ಚುವ ಪ್ರಯತ್ನ ಅದು. ಅದಕ್ಕೂ ನಾಲ್ಕು ವರ್ಷ ಮೊದಲು, ಸೆನೆಟರುಗಳು ನರ್ತಕರ ಮನೆಗೆ ಹೋಗಬಾರದು, ಅವರು ಬೀದಿಗೆ ಬಂದಾಗ ಈಕ್ವೆಸ್ಟ್ರಿಯನ್ನರು ಹಿಂದೆ ಮುಂದೆ ಓಡಾಡಬಾರದು ಎಂದೂ ಆದೇಶ ಆಗಿತ್ತು. ಓಡಾಡುತ್ತಿದ್ದರು, ಅದಕ್ಕೇ ತಾನೆ ಆದೇಶ!

ಈಗ ವಿಮರ್ಶೆಗೆ ವಾಪಸು ಬರುತ್ತೇನೆ. ಈ ಕ್ಲಾಸಿನವರು ಇದನ್ನೆಲ್ಲ ಮಕ್ಕಳಿಗೆ ಪಾಠ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಗಾಯಸ್‌ನ 20 ಮತ್ತು 1000 ಹೇಳಲು ಎರಡು ನಿಮಿಷ ಸಾಕು. ಮಕ್ಕಳಿಗೆ ಅದು ಕತ್ತಿಗಿಂತ ಚೆನ್ನಾಗಿ ಹಿಡಿಸುತ್ತದೆ, ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಅದು ಬಿಟ್ಟು ಬರೀ ಚಪ್ಪಾಳೆಯ ಭಾಗವನ್ನೇ 60 ಯೂರೋಗೆ ಮಾರುವುದು ಅರ್ಧ ತೂಕ.

ಆ ಇನ್ನರ್ಧ ಪುಕ್ಕಟೆ ಸಿಗುವ ಜಾಗ ಹೇಳುತ್ತೇನೆ. ಕೊಲೊಸಿಯಂನಿಂದ ಎರಡು ನಿಮಿಷ ನಡೆದರೆ, ಸಾನ್ ಜೊವಾನ್ನಿ ರಸ್ತೆಯ ಪಕ್ಕದಲ್ಲಿ, ರಸ್ತೆಯ ಮಟ್ಟಕ್ಕಿಂತ ಕೆಳಗೆ ಲುಡಸ್ ಮಾಗ್ನಸ್ ಇದೆ. ಕನ್ನಡದಲ್ಲಿ ಹೇಳಬೇಕೆಂದರೆ ದೊಡ್ಡ ಗರಡಿ. ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ್ದು, ಇಲ್ಲಿಂದ ಕೊಲೊಸಿಯಂಗೆ ನೆಲದಡಿಯ ದಾರಿ ಇತ್ತು. ಅಭ್ಯಾಸದ ಅಖಾಡದ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧ ರಸ್ತೆ, ಕಟ್ಟಡಗಳ ಅಡಿಯಲ್ಲಿದೆ. ಅಖಾಡದ ಸುತ್ತ ನೋಡುವವರಿಗೆ ಮೆಟ್ಟಿಲು, ಆಚೆ ಸಣ್ಣ ಸಣ್ಣ ಕೋಣೆಗಳ ಸಾಲು. ಮೇಲೆ ಕಂಬಿ ಹಿಡಿದು ನಿಂತು ನೋಡಬಹುದು, ಟಿಕೆಟ್ ಬೇಡ, ಕ್ಯೂ ಇಲ್ಲ. ಕೊಲೊಸಿಯಂ ಮುಂದೆ ಸೆಲ್ಫಿಗೆ ನೂಕಾಡುವ ಜನರಲ್ಲಿ ಹೆಚ್ಚಿನವರು ಈ ಕಡೆ ತಿರುಗಿಯೂ ನೋಡುವುದಿಲ್ಲ.

ನಾವು ಸಂಜೆ ಅಲ್ಲೇ ಪಿಜ್ಜಾ ತುಂಡು ಹಿಡಿದು ನಿಂತಿದ್ದೆವು. ಹುಡುಗನ ಕೈಯಲ್ಲಿ ಸರ್ಟಿಫಿಕೇಟ್ ಸುರುಳಿ. ನಾನು ಶಾಮಿಯಾನದ ಪಾತ್ರೆ ಸಮೇತ ಗಾಯಸ್ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಕೆಳಗಿನ ಕೋಣೆಗಳನ್ನು ಎಣಿಸುತ್ತಿದ್ದ. ಆಮೇಲೆ ತರಚಿದ ಮೊಣಕಾಲು ತೋರಿಸಿ, "ಮಾಮ, ಹಂಗಾದ್ರೆ ನಾನಿವತ್ತು ಬಾಡಿಗೆನಾ, ಮಾರಾಟನಾ?" ಎಂದ. ಭಾವ ಗಂಭೀರವಾಗಿ ಮೊಣಕಾಲು ಪರೀಕ್ಷಿಸಿ, "ಬಾಡಿಗೆ ಕಣೋ. 20 ದಿನಾರಿ ನಂಗೆ ಕೊಡು" ಎಂದರು.

ಹೋಗುವವರಿಗೆ ಕೆಲವು ಮಾತು. ಬೆಳಗಿನ ಬ್ಯಾಚ್ ಹಿಡಿಯಿರಿ, ಮಧ್ಯಾಹ್ನ ಮರಳು ಕಾಯುತ್ತದೆ. ನೀರಿನ ಬಾಟಲಿ ಒಯ್ಯಿರಿ, ಒಳಗೆ ಕೊಡುವುದಿಲ್ಲ. ರೋಮಿನ ಬೀದಿಗಳಲ್ಲಿ ಸದಾ ಸುರಿಯುವ ನಲ್ಲಿ ಇರುತ್ತದಲ್ಲ, ನಾಸೋನಿ ಎನ್ನುತ್ತಾರೆ, ಅಲ್ಲೇ ತುಂಬಿಸಿಕೊಳ್ಳಿ. ಅಂಗಿಯೊಳಗೆ ತೆಳ್ಳನೆ ಟೀ ಶರ್ಟ್ ಸಾಕು. ಅಪ್ಪಿಯಾ ಕಡೆಯ ಬಸ್ಸಿಗೆ ನಾವು ನಲವತ್ತು ನಿಮಿಷ ಕಾದೆವು, ಒಂದು ಗಂಟೆ ಮೊದಲೇ ಹೊರಡಿ. ಸರ್ಟಿಫಿಕೇಟಿನಲ್ಲಿ ಹೆಸರು ಬರೆಯುವ ಮೊದಲು ಅಕ್ಷರ ಬಿಡಿಸಿ ಹೇಳಿ, ನಮ್ಮ ಹುಡುಗನ ಹೆಸರಿನಲ್ಲಿ ಎರಡು ಅಕ್ಷರ ಹೆಚ್ಚಾಗಿ ಬಂದಿವೆ, ತಿದ್ದಿ ಕೊಡಿ ಎಂದರೆ ಇನ್ನೊಂದಕ್ಕೆ 5 ಯೂರೋ ಎಂದರು.